ಅಮ್ಮನ ಆಪರೇಷನ್ನೂ ನನ್ನ ಲೆಕ್ಕವೂ

ನಿನ್ನೆ ಕೆನಡಾ ಪೌರತ್ವದ ಹಿಯರಿಂಗ್ ಇತ್ತು. ಐದು ವರ್ಷದಲ್ಲಿ 1,095 ದಿನ ಈ ನೆಲದಲ್ಲೇ ಇದ್ದೆ ಅಂತ ತೋರಿಸಬೇಕು. ಪಿಆರ್ (ಇಲ್ಲಿ ಕಾಯಂ ಆಗಿ ಇರುವ ಅನುಮತಿ) ಸಿಗುವ ಮೊದಲು ಓದಿಕೊಂಡಿದ್ದ ದಿನಗಳಿಗೆ ಅರ್ಧ ಲೆಕ್ಕ, ಅದೂ ಹೆಚ್ಚೆಂದರೆ 365. ಎರಡು ಚಳಿಗಾಲ ಹಿಮ ಗುಡಿಸಿದ್ದೆ, ಅದಕ್ಕೂ ಅರ್ಧವೇ!

ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಟ್ಯಾಕ್ಸ್ ಕಾಗದ ಎಲ್ಲ ಹೊತ್ತುಕೊಂಡು ಹೋದೆ. ಫೈಲ್ ನಮ್ಮನೆ ಅಕ್ಕಿ ಚೀಲದಷ್ಟು ದಪ್ಪ. ತಮಾಷೆ ಏನೆಂದರೆ, ಕೆನಡಾ ಬಿಡುವಾಗ ಇಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ. ನಾನು ಇಲ್ಲಿರಲಿಲ್ಲ ಅನ್ನೋದಕ್ಕೆ ನನ್ನ ಪಾಸ್‌ಪೋರ್ಟಿನಲ್ಲಿ ಸಾಕ್ಷಿ ಬೆಂಗಳೂರು ಏರ್‌ಪೋರ್ಟಿನ ಮುದ್ರೆಗಳೇ.

ಜಡ್ಜ್ ಮೆತ್ತಗೆ ಕೇಳಿದರು, "ಈ 47 ದಿನ ಎಲ್ಲಿದ್ದಿರಿ?" ಅಮ್ಮನ ಮಂಡಿ ಆಪರೇಷನ್ ಅಂದೆ. ಬರೆದುಕೊಂಡರು. ಹೊರಟ ದಿನ, ಬಂದ ದಿನ ಎರಡೂ ಇಲ್ಲಿದ್ದ ಲೆಕ್ಕಕ್ಕೇ ಸೇರುತ್ತವೆ, ಆದ್ದರಿಂದ ಮಧ್ಯದ 45 ಮಾತ್ರ ಕಳೆಯಬೇಕು. ನಾನು ಪೂರ್ತಿ ಕಳೆದಿದ್ದೆ, ಸುಮ್ನೆ ಎರಡು ದಿನ ಕಳೆದುಕೊಂಡಿದ್ದೆ ನೋಡಿ.

ಊರಲ್ಲಿ ಅಮ್ಮನೂ ನಾನು ಅಲ್ಲಿದ್ದ ದಿನಗಳ ಲೆಕ್ಕ ಇಡುತ್ತಾಳೆ, ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಅವಳ ಲೆಕ್ಕದಲ್ಲಿ ಜಾಸ್ತಿ ಆದರೆ ನನ್ನದರಲ್ಲಿ ಕಡಿಮೆ, ಅಲ್ವಾ?

ತೀರ್ಪು ಇನ್ನೂ ಬಂದಿಲ್ಲ. ಫೈಲ್ ಊಟದ ಟೇಬಲ್ ಮೇಲೇ ಕೂತಿದೆ.