ಮನೆಮಂದಿಯೆಲ್ಲ ಕೂತು ನೋಡೋ ಸಿನಿಮಾ ಒಂದು ಹೇಳಿ

ಶನಿವಾರ ಸಂಜೆಯಾದರೆ ಸಾಕು, ಯಾರದಾದರೂ ಮೆಸೇಜ್ ಬರುತ್ತದೆ. 'ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳೂ ಇದ್ದಾರೆ. ಎಲ್ಲರೂ ಒಟ್ಟಿಗೆ ಕೂತು ನೋಡೋ ಹಾಗೆ ಒಂದು ಕನ್ನಡ ಸಿನಿಮಾ ಹೇಳಿ.' ನಾನೇನು ಸಿನಿಮಾ ಪಂಡಿತನಲ್ಲ. ಸಿಕ್ಕಿದ್ದನ್ನೆಲ್ಲ ನೋಡುವವನು, ಅಷ್ಟೇ. ಆದರೂ ನನ್ನ ಉತ್ತರ ವರ್ಷಗಳಿಂದ ಒಂದೇ: 'ಗಣೇಶನ ಮದುವೆ'.

1990ರ ಸಿನಿಮಾ. ಫಣಿ ರಾಮಚಂದ್ರ ನಿರ್ದೇಶನ. ಅನಂತ್‌ನಾಗ್, ವಿನಯಾ ಪ್ರಸಾದ್ ಜೋಡಿ. ವಠಾರದಲ್ಲಿ ಬಾಡಿಗೆಗಿರುವ ವೈ.ಜಿ. ರಾವ್‌ಗೂ ಓನರ್ ರಮಣಮೂರ್ತಿಯ ಮಗಳು ಆದಿಲಕ್ಷ್ಮಿಗೂ ಹಾವು ಮುಂಗುಸಿ ಸಂಬಂಧ. ಅದೇ ರಾವ್, ಶ್ರುತಿ ಅನ್ನೋ ಗಾಯಕಿಯ ದನಿಗೆ ಮನಸೋತು ಕಾಗದ ಬರೆಯುತ್ತಾನೆ. ಆಕೆಯೂ ಉತ್ತರ ಬರೆಯುತ್ತಾಳೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಶ್ರುತಿ ಯಾರು ಅಂತ ನಿಮಗಾಗಲೇ ಗೊತ್ತಾಯಿತು, ಅಲ್ವಾ?

ಮಜಾ ಇರುವುದೇ ಅಲ್ಲಿ. ಗುಟ್ಟು ನಮಗೆ ಗೊತ್ತು, ಅವರಿಬ್ಬರಿಗೆ ಗೊತ್ತಿಲ್ಲ. ಹಾಗಾಗಿ ಎಷ್ಟನೇ ಸಲ ನೋಡಿದರೂ ಹಳಸುವುದಿಲ್ಲ. ನಮ್ಮಮ್ಮನಂತೂ ಜೋಕು ಬರುವ ಮೊದಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡುತ್ತಾರೆ. ಅವರನ್ನು ನೋಡಿ ಮಿಕ್ಕವರು ನಗುತ್ತೇವೆ. ಅಷ್ಟರಲ್ಲಿ ಜೋಕು ಬಂದು ಹೋಗಿರುತ್ತದೆ.

ಅನಂತ್‌ನಾಗ್ ಇಲ್ಲಿ ನಗಿಸೋಕೆ ಅಂತ ಏನೂ ಮಾಡಿದ ಹಾಗೆ ಕಾಣುವುದಿಲ್ಲ. ನಿಜವಾಗಿಯೂ ರೇಗಿದ ಬಾಡಿಗೆದಾರನ ಹಾಗೇ ಇರುತ್ತಾರೆ. ಎದುರಿಗೆ ಓನರ್ ಆಗಿ ಮುಖ್ಯಮಂತ್ರಿ ಚಂದ್ರು. ಅವರದು ಜೋರು ಗಂಟಲು. ಒಬ್ಬರು ಕೂಗಾಡುತ್ತಾರೆ, ಇನ್ನೊಬ್ಬರು ಒಳಗೊಳಗೇ ಕುದಿಯುತ್ತಾರೆ.

ನನಗೆ ಇದು ಜಾಸ್ತಿ ಇಷ್ಟವಾಗಲು ಇನ್ನೊಂದು ಕಾರಣ, ನಾನು ವಠಾರದಲ್ಲೇ ಬೆಳೆದವನು. ಏಳು ಮನೆ, ಒಂದು ನಲ್ಲಿ. ಬೆಳಿಗ್ಗೆ ಐದಕ್ಕೇ ಕೊಡಗಳ ಸಾಲು. ನಮ್ಮದು ಅಂಚು ನಗ್ಗಿದ ಸ್ಟೀಲ್ ಕೊಡ. ಯಾರೋ ಅದನ್ನು ಸುಮ್ನೆ ಕಾಲಲ್ಲಿ ಹಿಂದಕ್ಕೆ ತಳ್ಳಿದ್ದಕ್ಕೆ ಅಮ್ಮ ಮೂರು ತಿಂಗಳು ಆ ಮನೆಯವರ ಜೊತೆ ಮಾತು ಬಿಟ್ಟಿದ್ದರು. ಆ ಮೂರು ತಿಂಗಳೂ ಎರಡು ಮನೆಗಳ ನಡುವೆ ಹುಳಿಯ ಬಟ್ಟಲು ಹೊತ್ತು ಓಡಾಡಿದವನು ನಾನು.

ಹೋದ ಸಲ ಹಾಕಿದಾಗ ತಂಗಿಯ ಮಗಳು ಕೇಳಿದಳು, "ಇಷ್ಟೊಂದು ಜಗಳ ಆಡ್ತಾರಲ್ಲ ಅಜ್ಜಿ, ಬೇರೆ ಮನೆಗೆ ಹೋಗಬಾರದಾ?"

ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ, "ಹೋದ್ರೆ ಜಗಳಕ್ಕೆ ಯಾರೇ ಸಿಗ್ತಾರೆ?" ಅಂದರು.

ಕೊರತೆ ಇಲ್ಲವೇ? ಇದೆ. ಕೊನೆಕೊನೆಗೆ ಸ್ವಲ್ಪ ಎಳೆದರು ಅನ್ನಿಸುತ್ತದೆ. ಆ ಹೊತ್ತಿಗೆ ಯಾರಾದರೂ ಎದ್ದು ಕಾಫಿಗೆ ಇಟ್ಟರೆ ಸರಿಹೋಗುತ್ತದೆ.

'ಗೌರಿ ಗಣೇಶ' ಯಾಕೆ ಹೇಳಲ್ಲ ಅಂತ ಕೆಲವರು ಜಗಳಕ್ಕೆ ಬರುತ್ತಾರೆ. ಅದೂ ಫಣಿ ರಾಮಚಂದ್ರ ಅವರದ್ದೇ, 1991ರದ್ದು. ಕತೆ ಕಟ್ಟಿದ ರೀತಿ ನೋಡಿದರೆ ಅದೇ ಒಂದು ಕೈ ಮೇಲು. ಸತ್ತ ಹೆಣ್ಣೊಬ್ಬಳ ಡೈರಿ ಹಿಡಿದುಕೊಂಡು, ಒಬ್ಬನೇ ಹುಡುಗನನ್ನು ಮೂವರು ದುಡ್ಡಿರುವ ಗಂಡಸರಿಗೆ 'ನಿಮ್ಮ ಮಗ' ಅಂತ ತೋರಿಸಿ ಹಣ ಕೀಳುವ ಲಂಬೋದರ. ಹುಡುಗನಾಗಿ ಮಾಸ್ಟರ್ ಆನಂದ್. ಆದರೆ ಅಜ್ಜ ಅಜ್ಜಿ ಪಕ್ಕದಲ್ಲಿ ಕೂತ ಎಂಟು ವರ್ಷದ ಮಗು, "ಮೂರು ಜನ ಅಪ್ಪ ಹೇಗಾಗ್ತಾರೆ?" ಅಂದರೆ ಉತ್ತರ ಹೇಳುವವರು ಯಾರು? ನಾನಂತೂ ಅಡುಗೆಮನೆಗೆ ಹೋಗಿಬಿಡುತ್ತೇನೆ.

ನನಗೊಬ್ಬನಿಗೇ ನೋಡಬೇಕು ಅನ್ನಿಸಿದಾಗ ಹಾಕಿಕೊಳ್ಳುವುದು 'ಉದ್ಭವ'. ಅದೂ 1990ರದ್ದೇ, ಬಿ.ವಿ. ವೈಕುಂಠರಾಜು ಅವರ ಕಾದಂಬರಿ, ಕೋಡ್ಲು ರಾಮಕೃಷ್ಣ ನಿರ್ದೇಶನ. ಅಲ್ಲಿನ ಅನಂತ್‌ನಾಗ್ ಬೇರೆಯೇ ಮನುಷ್ಯ. ರಸ್ತೆ ಅಗಲ ಮಾಡುವ ವಿಷಯದಲ್ಲಿ ಗಣಪತಿಯನ್ನೇ 'ಉದ್ಭವ' ಮಾಡಿಸುವ ಆಸಾಮಿ. ಅದನ್ನು ಕೇಳಿದವರಿಗೆಲ್ಲ ಹೇಳುವುದಿಲ್ಲ. ರಸ್ತೆ ಅಗಲ ಮಾಡ್ತೀವಿ ಅಂತ ಮನೆಗೆ ನೋಟಿಸ್ ಬಂದವರಿಗೆ ಮಾತ್ರ.