ಘಾಟಿ ಏರುವಾಗ ಮುಳ್ಳು ಏರಿತು, ಇಳಿಯುವಾಗಲೂ ಏರಿತು

ಬಯಲಿನ ಮುನ್ನೂರು ಕಿಲೋಮೀಟರ್ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಲೋಡ್ ಸೇರಿ 40 ಟನ್ ತೂಗುವ ಗಾಡಿ, ಆರು ಸಿಲಿಂಡರಿನ ಟರ್ಬೋ ಡೀಸೆಲ್ ಎಂಜಿನ್. ಟೆಂಪರೇಚರ್ ಮುಳ್ಳು ಇಡೀ ದಿನ 85 ಡಿಗ್ರಿಯ ಆಸುಪಾಸು ಬಿಟ್ಟು ಕದಲಲಿಲ್ಲ. ಬಯಲಿನಲ್ಲಿ ಎಂಜಿನ್ನಿಗೆ ಭಾರ ಕಡಿಮೆ, ಎದುರುಗಾಳಿ ಧಾರಾಳ. ಕೂಲಿಂಗಿನಲ್ಲಿ ಐಬಿದ್ದರೂ ಅಲ್ಲಿ ಮುಖ ತೋರಿಸುವುದಿಲ್ಲ. ತೋರಿಸಿದ್ದು ಮರುದಿನ, ಘಾಟಿಯ ಏಳನೇ ಕಿಲೋಮೀಟರಿನಲ್ಲಿ.

ಘಾಟಿಯ ಉದ್ದ 18 ಕಿ.ಮೀ., ಏರು ನೂರಕ್ಕೆ ಆರು. 40 ಟನ್ನನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಅಂಥ ಏರು ಹತ್ತಿಸಲು ಚಕ್ರಗಳಿಗೆ ಸುಮಾರು 145 ಕಿಲೋವ್ಯಾಟ್ ಶಕ್ತಿ ಬೇಕು. ಅದರ ಜೊತೆಗೇ ಹತ್ತಿರಹತ್ತಿರ ನೂರು ಕಿಲೋವ್ಯಾಟಿನಷ್ಟು ಕಾವು ಕೂಲಂಟಿಗೆ, ಅಂದರೆ ಎಂಜಿನ್ ತಣಿಸುವ ನೀರಿಗೆ, ಇಳಿಯುತ್ತದೆ. ಆ ನಿಧಾನದಲ್ಲಿ ಎದುರುಗಾಳಿ ಇಲ್ಲವೆಂದೇ ಲೆಕ್ಕ. ಹಿಂದಿನಿಂದ ಗಾಳಿ ಬೀಸಿದರಂತೂ ಇನ್ನೂ ಕಷ್ಟ. ಇಡೀ ಹೊರೆ ಫ್ಯಾನಿನ ಮೇಲೆ. ಮುಳ್ಳು 90 ದಾಟಿತು, 95 ದಾಟಿತು, 103ಕ್ಕೆ ಬಂದಾಗ ಅಗಲವಾದ ತಿರುವೊಂದರಲ್ಲಿ ಗಾಡಿ ಪಕ್ಕಕ್ಕೆ ನಿಂತಿತು. ಡ್ರೈವರ್ ಕೈ ನೇರ ಚಾವಿಗೆ ಹೋಯಿತು, ಕಣ್ಣು ಪಕ್ಕದಲ್ಲಿದ್ದ ಮೆಕ್ಯಾನಿಕ್ ಕಡೆಗೆ.

“ಬಂದ್ ಮಾಡಿಬಿಡ್ಲಾ ಮೇಸ್ತ್ರಿ?”

“ಬೇಡ, ಓಡ್ತಾ ಇರ್ಲಿ. ನ್ಯೂಟ್ರಲ್ ಮಾಡಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡ್ಕೊಳ್ಳಿ. ಸಾವಿರದ ಇನ್ನೂರಕ್ಕೆ.”

“ಇಷ್ಟು ಹೀಟಾಗಿದೆ, ಇನ್ನೂ ಓಡಿಸಿದ್ರೆ ಸೀಜ್ ಆಗಲ್ವಾ?”

“ಎಂಜಿನ್ ನಿಂತ್ರೆ ವಾಟರ್ ಪಂಪೂ ನಿಲ್ಲುತ್ತೆ, ಫ್ಯಾನೂ ನಿಲ್ಲುತ್ತೆ. ಹೆಡ್ಡಲ್ಲಿರೋ ಕಾವು ಆಮೇಲೆ ಎಲ್ಲಿಗೆ ಹೋಗ್ಬೇಕು? ಟರ್ಬೋ ಬೇರಿಂಗಿಗೂ ಆಯಿಲ್ ನಿಂತುಹೋಗುತ್ತೆ.”

ಐದು ನಿಮಿಷದಲ್ಲಿ ಮುಳ್ಳು 92ಕ್ಕೆ ಇಳಿಯಿತು. ಇದಕ್ಕೊಂದು ಅಪವಾದವಿದೆ: ಬೆಲ್ಟ್ ತುಂಡಾಗಿದ್ದರೆ, ಹೋಸ್ ಒಡೆದು ಕೂಲಂಟ್ ಚೆಲ್ಲಿದ್ದರೆ, ತಕ್ಷಣ ಬಂದ್ ಮಾಡಲೇಬೇಕು. ಕೂಲಂಟ್ ಪೂರ್ತಿ ಇಳಿದಾಗ ಮುಳ್ಳನ್ನು ನಂಬುವ ಹಾಗೂ ಇಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಬರಿದಾದ ಜಾಗದಲ್ಲಿ ಅದಕ್ಕೆ ಸಿಗುವುದು ಆವಿ, ಗಾಳಿ. ಎಂಜಿನ್ ಸುಡುತ್ತಿರುವಾಗಲೇ ಮುಳ್ಳು ಕೆಳಗೆ ಬೀಳುವುದುಂಟು. ಏರಿನ ಮಧ್ಯೆ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಅದು ಸಮಾಧಾನಪಡುವ ವಿಷಯವಲ್ಲ.

“ನೀರು ತುಂಬಿದೆ ಮೇಸ್ತ್ರಿ, ಬೆಳಗ್ಗೆ ನಾನೇ ನೋಡಿದ್ದೀನಿ. ರೇಡಿಯೇಟರ್ ಮುಂದೆ ಒಂದು ಹುಳಾನೂ ಇಲ್ಲ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಂಜಿನ್ ಬಂದ್ ಮಾಡಿ, ಮೇಲಿನ ಹೋಸನ್ನು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಲೆಂದು ಮುಕ್ಕಾಲು ಗಂಟೆ ಕಾದದ್ದಾಯಿತು. ಬಿಸಿಯಲ್ಲಿ ಕ್ಯಾಪ್ ತಿರುಗಿಸುವ ಮಾತೇ ಇಲ್ಲ. ಒಳಗೆ ಸುಮಾರು 1 ಬಾರ್ ಒತ್ತಡವಿರುತ್ತದೆ, ಆ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಕ್ಯಾಪ್ ತೆಗೆದ ಕ್ಷಣದಲ್ಲಿ ಭುಗ್ಗನೆ ಕುದಿದು ಮುಖಕ್ಕೆ ಹಾರುತ್ತದೆ. ಕ್ಯಾಪಿನ ರಬ್ಬರ್ ಸತ್ತಿದ್ದರೆ ಒತ್ತಡ ನಿಲ್ಲುವುದಿಲ್ಲ. ಜೊತೆಗೆ ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುವುದರಿಂದ, ಬಯಲಿನಲ್ಲಿ ನಡೆದುಹೋದ ಹಳೇ ಕ್ಯಾಪ್ ಘಾಟಿಯ ನೆತ್ತಿಯಲ್ಲಿ ಕೈಕೊಡುತ್ತದೆ.

ಕ್ಯಾಪ್ ಸರಿಯಿತ್ತು. ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ ಬಳುಕಿದ್ದು ಒಂದು ಸೆಂಟಿಮೀಟರ್, ಅದೂ ಸರಿ. ಏರಿನಲ್ಲಿ ಫ್ಯಾನ್ ಬೊಬ್ಬೆ ಹೊಡೆಯುತ್ತಿತ್ತು, ಅಂದರೆ ಫ್ಯಾನನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಹಿಡಿದಿತ್ತು. ಕೆಳಗಿನ ಹೋಸ್ ಒಳಗೆ ಸ್ಪ್ರಿಂಗ್ ಕೈಗೆ ಸಿಕ್ಕಿತು. ಅದಿಲ್ಲದಿದ್ದರೆ ಪಂಪಿನ ಎಳೆತಕ್ಕೆ ಹೋಸ್ ಚಪ್ಪಟೆಯಾಗಿ ನೀರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಎಕ್ಸ್‌ಪಾನ್ಷನ್ ಟ್ಯಾಂಕಿನಲ್ಲಿ ಗುಳ್ಳೆಯೂ ಇರಲಿಲ್ಲ. ಗುಳ್ಳೆ ಕಂಡ ತಕ್ಷಣ ಎಲ್ಲರೂ ಎಂಜಿನ್ ಹೆಡ್ ಗ್ಯಾಸ್ಕೆಟ್ಟಿಗೇ ಕೈಹಾಕುತ್ತಾರೆ. ಬ್ರೇಕಿನ ಏರ್ ಕಂಪ್ರೆಸರಿನ ಹೆಡ್ಡಿಗೂ ಇದೇ ಕೂಲಂಟ್ ಹೋಗುತ್ತದೆ, ಅದರ ಗ್ಯಾಸ್ಕೆಟ್ ಹೋದರೂ ಗಾಳಿ ನೀರಿಗೆ ನುಗ್ಗುತ್ತದೆ ಎಂಬುದು ಮರೆತೇ ಹೋಗಿರುತ್ತದೆ. ಬ್ರೇಕಿನ ಏರ್ ಟ್ಯಾಂಕಿಗೆ ಗಾಳಿ ತುಂಬುವಾಗ ಗುಳ್ಳೆ ಜಾಸ್ತಿಯಾಗಿ, ಟ್ಯಾಂಕ್ ತುಂಬಿ ಕಟ್‌ಔಟ್ ಆದ ಮೇಲೆ ಕಡಿಮೆಯಾದರೆ ಮೊದಲು ಕಂಪ್ರೆಸರನ್ನೇ ನೋಡಬೇಕು.

ಕೊನೆಗೆ ಟರ್ಬೋದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟಾಗ ಕಳ್ಳ ಸಿಕ್ಕಿದ. ಮುಂದಿನ ಇಂಟರ್‌ಕೂಲರ್ ಫಳಫಳ ಹೊಳೆಯುತ್ತಿತ್ತು. ಅದರ ಹಿಂದೆ, ರೇಡಿಯೇಟರಿನ ಮುಖಕ್ಕೆ, ಕಂಬಳಿ ಹೊದಿಸಿದ ಹಾಗೆ ಬೂದು ಬಣ್ಣದ ಪದರ: ಹೊಟ್ಟು, ಹುಳದ ರೆಕ್ಕೆ, ನಾರು, ಧೂಳು, ಎಲ್ಲವನ್ನೂ ಆಯಿಲ್ ಪಸೆ ಒಂದಾಗಿ ಅಂಟಿಸಿತ್ತು. ಬೆರಳಿನಿಂದ ಎತ್ತಿದರೆ ಅಂಗೈಯಗಲದ ತುಂಡು ಹಾಗೆಯೇ ಕಿತ್ತು ಬಂತು, ರೇಡಿಯೇಟರಿನ ತೆಳು ತಗಡುಗಳ, ಅಂದರೆ ಫಿನ್ನುಗಳ, ಸಾಲು ಅದರ ಮೇಲೆ ಅಚ್ಚೊತ್ತಿತ್ತು. ಇಂಟರ್‌ಕೂಲರಿನ ಸಂದಿಗಳಲ್ಲಿ ನುಸುಳುವ ಸಣ್ಣ ಕಸವೆಲ್ಲ ಹಿಂದೆ ಬಂದು ನಿಲ್ಲುತ್ತದೆ. ಎಂಜಿನ್ನಿಗೆ ಬರ ಬಂದದ್ದು ನೀರಿಗಲ್ಲ, ಗಾಳಿಗೆ.

ಅಲ್ಲಿಯೇ ಆಗುವಷ್ಟು ಕೆಲಸವಾಯಿತು. ಇಂಟರ್‌ಕೂಲರಿನ ಮೇಲಿನ ಬೋಲ್ಟ್ ಬಿಚ್ಚಿ, ಹೋಸ್ ಕ್ಲಾಂಪ್ ಸಡಿಲಿಸಿ ನಾಲ್ಕು ಬೆರಳಷ್ಟು ಮುಂದಕ್ಕೆ ಬಾಗಿಸಿದ ಮೇಲೆ, ದಪ್ಪ ಪದರವನ್ನು ಕೈಯಲ್ಲೇ ತೆಗೆದು, ಉಳಿದದ್ದಕ್ಕೆ ಗಾಡಿಯದೇ ಏರ್ ಟ್ಯಾಂಕಿನ ಗಾಳಿ. ಊದುವುದು ಯಾವಾಗಲೂ ಎಂಜಿನ್ ಕಡೆಯಿಂದ ಮುಂದಕ್ಕೆ. ಮುಂದಿನಿಂದ ಊದಿದರೆ ಕಸ ಇನ್ನಷ್ಟು ಒಳಕ್ಕೆ ಬಡಿಯುತ್ತದೆ. ಒಣ ಧೂಳಿಗೆ ಮೊದಲೇ ನೀರು ಬಿಡಬಾರದು, ಕೆಸರಾಗಿ ಕೂರುತ್ತದೆ. ಮೊದಲು ಗಾಳಿ, ಆಮೇಲೆ ಡಿಗ್ರೀಸರ್ ಹಾಕಿ ಹತ್ತು ನಿಮಿಷ ನೆನೆಸುವುದು, ಆಮೇಲೆ ಕಡಿಮೆ ಒತ್ತಡದ ನೀರು, ಫಿನ್ನಿಗೆ ನೇರವಾಗಿ. ಪ್ರೆಷರ್ ವಾಷರನ್ನು ಹತ್ತಿರ ಹಿಡಿದು ಫಿನ್ ಮಡಚಿಹಾಕಿದ ರೇಡಿಯೇಟರುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊಟ್ಟೆ ಉರಿಯುವ ಇನ್ನೊಂದು ಕೆಲಸ, ನೀರು ಕಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಕೀಳುವುದು. ಇದೇ ಗಾಡಿಗೆ ಹಿಂದಿನ ಸಲ ದಾರಿಯಲ್ಲಿ ಹಾಗೆ ಮಾಡಿ ಕಳಿಸಿದ್ದರು. ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ ಥರ್ಮೋಸ್ಟಾಟ್ ಆಗಿರುವ ಎಂಜಿನ್ನಿನಲ್ಲಿ ಅದನ್ನು ಕಿತ್ತರೆ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ವಾಪಸ್ ಎಂಜಿನ್ನಿಗೇ ಸುತ್ತುತ್ತದೆ, ಲೋಡಿನಲ್ಲಿ ಇನ್ನಷ್ಟು ಹೀಟಾಗುತ್ತದೆ. ಅನುಮಾನವಿದ್ದರೆ ಪಾತ್ರೆಯ ನೀರಲ್ಲಿ ಥರ್ಮಾಮೀಟರ್ ಜೊತೆ ಇಳಿಬಿಟ್ಟು ಕಾಯಿಸಿ ನೋಡಬೇಕು. ಅದರ ಮೇಲೆ ಕೊರೆದಿರುವ ಡಿಗ್ರಿಗೆ ಬಾಯಿ ಬಿಡಲು ಶುರುಮಾಡಬೇಕು. ಲೋಡ್ ಗಾಡಿಯಲ್ಲಿ ಹೊಸ ಥರ್ಮೋಸ್ಟಾಟ್, ಕ್ಯಾಪ್, ಬೆಲ್ಟ್, ಎರಡು ಹೋಸ್, ಕ್ಲಾಂಪ್, ಅರ್ಧಕ್ಕರ್ಧ ಬೆರೆಸಿಟ್ಟ 20 ಲೀಟರ್ ಕೂಲಂಟ್ ಇರಲೇಬೇಕು. ಬೆರೆಸುವುದಕ್ಕೆ ಡಿಸ್ಟಿಲ್ಡ್ ವಾಟರೇ ಆಗಬೇಕು. ಗಡಸು ನೀರಿನ ಸುಣ್ಣದ ಪದರ ಸಿಲಿಂಡರ್ ಲೈನರಿನ ಸುತ್ತ ಕಟ್ಟಿಕೊಂಡರೆ, ಎಷ್ಟೇ ದೊಡ್ಡ ರೇಡಿಯೇಟರ್ ಹಾಕಿದರೂ ಕಾವು ನೀರಿಗೆ ಸರಿಯಾಗಿ ಇಳಿಯುವುದಿಲ್ಲ.

ಉಳಿದ ಹನ್ನೊಂದು ಕಿಲೋಮೀಟರನ್ನು ಬೇರೆ ಥರ ಏರಿದ್ದು. ಬೆಳಗ್ಗೆ ಗಾಡಿ ದೊಡ್ಡ ಗೇರಿನಲ್ಲಿ 1,100 ಆರ್‌ಪಿಎಂಗೆ ಮುಕ್ಕರಿಯುತ್ತಿತ್ತು. ಈಗ ಮೊದಲಿನಿಂದಲೇ ಎರಡು ಗೇರ್ ಇಳಿಸಿ 1,700ರಲ್ಲಿ. ಪಂಪು, ಫ್ಯಾನು ಎರಡೂ ಎಂಜಿನ್ ಸುತ್ತಿದಷ್ಟೇ ಸುತ್ತುವಂಥವು. ಮುಳ್ಳು 93 ದಾಟಲಿಲ್ಲ.

ನೆತ್ತಿ ದಾಟಿದ ಮೇಲೆ ಇನ್ನು ಚಿಂತೆಯಿಲ್ಲ ಎನ್ನುವಾಗಲೇ, ಇಳಿಜಾರಿನ ನಾಲ್ಕನೇ ಕಿಲೋಮೀಟರಿನಲ್ಲಿ ಮುಳ್ಳು ಮತ್ತೆ 98ಕ್ಕೆ ಹೋಯಿತು. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ! ಈ ಗಾಡಿಯಲ್ಲಿರುವುದು ಆಯಿಲ್ ರಿಟಾರ್ಡರ್, ಅಂದರೆ ಆಯಿಲಿನ ತಡೆಯಿಂದ ಗಾಡಿಯನ್ನು ನಿಧಾನಿಸುವ ಸಾಧನ, ಅದರ ಕಾವು ಹೋಗುವುದು ಎಂಜಿನ್ ಕೂಲಂಟಿಗೇ. ಏರಿನಷ್ಟೇ ಕಡಿದಾದ ಇಳಿಜಾರನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿಯುವಾಗ ತಡೆಯಬೇಕಾದ ಶಕ್ತಿ ಸುಮಾರು 230 ಕಿಲೋವ್ಯಾಟ್, ಏರುವಾಗ ಕೂಲಂಟಿಗೆ ಇಳಿದ ಕಾವಿನ ಎರಡರಷ್ಟಕ್ಕೂ ಹೆಚ್ಚು. ಎಂಜಿನ್ ಮಾತ್ರ 1,000ದಲ್ಲಿ ತೂಕಡಿಸುತ್ತಿತ್ತು, ಪಂಪೂ ಅದರ ಜೊತೆಗೇ.

“ಎರಡು ಗೇರ್ ಇಳಿಸಿ. ರಿಟಾರ್ಡರ್ ಒಂದು ಹಂತ ಕಡಿಮೆ ಮಾಡಿ, ಎಕ್ಸಾಸ್ಟ್ ಬ್ರೇಕ್ ಹಾಕಿ.”

“ಇಳಿಜಾರಲ್ಲೂ ಚಿಕ್ಕ ಗೇರಾ ಮೇಸ್ತ್ರಿ?”

“ಇಳಿಜಾರಲ್ಲೂ.”

ಆರ್‌ಪಿಎಂ 1,900ಕ್ಕೆ ಏರಿತು, ವೇಗ ಇಳಿಯಿತು, ಫ್ಯಾನ್ ಮತ್ತೆ ಬೊಬ್ಬೆ ಹಾಕಿತು. ಎರಡು ತಿರುವು ಕಳೆಯುವಷ್ಟರಲ್ಲಿ ಮುಳ್ಳು 90ಕ್ಕೆ ಬಂದು ನಿಂತಿತ್ತು.