ಮಲ್ಪೆಯಲ್ಲಿ ಕಂಡ ಮರಿ ತಾಟೆಗಳು

ಬೆಳಿಗ್ಗೆ ಅಂಜಲ್ ಮೀನು ತರಲು ಮಲ್ಪೆ ಬಂದರಿಗೆ ಹೋಗಿದ್ದೆ. ಪಕ್ಕದ ಬುಟ್ಟಿಯಲ್ಲಿ ಮೊಳ ಉದ್ದದ ಮರಿ ತಾಟೆಗಳು, ಅಂದರೆ ಶಾರ್ಕ್ ಮರಿಗಳು. ತಕ್ಷಣ ಲಕ್ಷದ್ವೀಪದ ಅಗತ್ತಿ ನೆನಪಾಯಿತು. ಅಲ್ಲಿ ಸೊಂಟದಷ್ಟು ನೀರಲ್ಲಿ ನಿಂತಿದ್ದೆ. ರೆಕ್ಕೆಯ ತುದಿಗೆ ಕಪ್ಪು ಬಳಿದಂತಿದ್ದ ಶಾರ್ಕ್ ಒಂದು ಹತ್ತಿರಕ್ಕೆ ಬಂತು. ಎದೆ ಡವಗುಟ್ಟಿತು. ಆದರೆ ನನಗಿಂತ ಅದಕ್ಕೇ ಭಯ ಜಾಸ್ತಿ ಅನ್ನಿಸಿತು, ತಟ್ಟನೆ ಹವಳದ ಕಡೆ ತಿರುಗಿತು. ಹಿಂದೆಯೇ ಬೆಳ್ಳಿ ಹರಿವಾಣದಂಥ ಟ್ರೆವಲಿ ಮೀನು. ಗಾಳದ ಹವ್ಯಾಸಿಗಳು ಇದಕ್ಕಾಗಿಯೇ ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತಾರೆ.

ಅಂಜಲ್ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಆ ಕಪ್ಪು ತುದಿಯ ಶಾರ್ಕ್ ಹಾಗಲ್ಲ, ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಹೊತ್ತು ಸಾಮಾನ್ಯವಾಗಿ 2ರಿಂದ 5 ಮರಿ ಹಾಕುತ್ತದೆ, ಅಷ್ಟೇ. ಬುಟ್ಟಿಯಲ್ಲಿ ಎಣಿಸಿದೆ. 11 ಇದ್ದವು. ಎಷ್ಟು ತಾಯಂದಿರ ಮರಿಗಳೋ.